ರಾಗಿಯ ಸೆರೆವಾಸ, ಯಾತ್ರಿಕನ ಹೊರೆ

ಬೆಂಗಳೂರಿನಿಂದ ದೊಡ್ಡಬಳ್ಳಾಪುರವನ್ನು ದಾಟಿ ಗೌರಿಬಿದನೂರಿಗೆ ಸಾಗುವ ರೈಲುಮಾರ್ಗದಲ್ಲಿ ತೊಂಡೇಬಾವಿ ಇದೆ. ಸುತ್ತಣದ್ದು ರಾಗಿಯ ಸೀಮೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಟ್ಟು ವರ್ಷಗಳ ತರುವಾಯ ತೆಗೆದು ಉಣ್ಣುತ್ತಿದ್ದ ರೂಢಿಯನ್ನು ಹಳೆಯ ಮೈಸೂರು ಸೀಮೆಯ ಹಿರಿಯರು ಬಲ್ಲರು. ಅಕ್ಕಿಗೆ ಬೇಗನೆ ಹುಳು ಹಿಡಿಯುತ್ತದೆ. ರಾಗಿ ಕೆಡದೆ ಉಳಿಯುತ್ತದೆ. ಈ ಸಾಮಾನ್ಯ ಸಂಗತಿಯ ಮೇಲೆ ನಮ್ಮ ಭಾಷೆಯ ದಿಟ್ಟವಾದ ಅದ್ಭುತಕಥೆಯೊಂದು ನಿಂತಿದೆ. ಕಲ್ಪನಾಕಥೆಯ ಮೂಲಕ ನಂಬಿಕೆಯನ್ನು ಹೇಳುವ ಮಾತು ಬಂದಾಗಲೆಲ್ಲ ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳನ್ನು ನೆನೆಯುವ ನಾವು ಇದನ್ನು ನೆನೆಯುವುದು ಅಪರೂಪ.

ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ‘ರಾಮಧಾನ್ಯ ಚರಿತೆ’ಯಲ್ಲಿ ಧಾನ್ಯಗಳು ವಾಗ್ವಾದಕ್ಕಿಳಿಯುತ್ತವೆ. ಲಂಕೆಯಿಂದ ಹಿಂದಿರುಗುವ ರಾಮನು ಋಷ್ಯಾಶ್ರಮದಲ್ಲಿ ತಂಗಿದಾಗ ಯಾವ ಧಾನ್ಯ ಶ್ರೇಷ್ಠವೆಂಬ ಪ್ರಶ್ನೆ ಏಳುತ್ತದೆ. ವ್ರೀಹಿ, ಅಂದರೆ ಭತ್ತ, ನರೆದಲೆಗನಾದ ರಾಗಿಯನ್ನು ಹೀನನೆಂದು ಹಳಿಯುತ್ತದೆ. ರಾಗಿಯೂ ಸುಮ್ಮನಿರುವುದಿಲ್ಲ: ನೀನು ಬಲ್ಲಿದರ ಸಂಗಾತಿ, ಬಡವರನ್ನು ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೆ ತುತ್ತಾಗುವವನು ಎಂದು ಮೂದಲಿಸುತ್ತದೆ. ರಾಮನು ಕೂಡಲೇ ತೀರ್ಪು ಕೊಡದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ತೀರಿದಾಗ ಭತ್ತ ಕಂದಿ ಕುಂದಿದೆ. ರಾಗಿ ಇದ್ದಂತೆಯೇ ಇದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಅನುಗ್ರಹಿಸುತ್ತಾನೆ.

ಕುರುಬ ಕುಲದಲ್ಲಿ ಹುಟ್ಟಿದ ಕವಿಯ ಅಂತರಂಗ ಇಲ್ಲಿ ನುಡಿದಿದೆ ಎಂಬುದು ಹೊಸ ಮಾತಲ್ಲ. ಅವರು ತಮ್ಮ ನಂಬಿಕೆಯನ್ನು ಉಪದೇಶಿಸದೆ ಪರೀಕ್ಷೆಗೊಡ್ಡಿದ ಬಗೆಯನ್ನು ಮಾತ್ರ ನಾವು ಗಮನಿಸುತ್ತೇವೆ. ಆ ಸೆರೆಮನೆ ಹಗೇವಿನ ಇನ್ನೊಂದು ರೂಪವೇ. ಮಾತನಾಡುವ ಧಾನ್ಯವನ್ನು ಯಾವ ಒಕ್ಕಲಿಗನೂ ಕಂಡಿಲ್ಲ; ಆದರೆ ತೀರ್ಪನ್ನು ಅವನು ತನ್ನ ಕಣಜದಲ್ಲಿಯೇ ತಾಳೆನೋಡಬಲ್ಲನು. ನ್ಯಾಯಸ್ಥಾಪಕರು 9ರಲ್ಲಿ ಯೋತಾಮನು ಹೇಳಿದ ಮರಗಳ ಕಥೆಯೂ ಇದೇ ಜಾತಿಯದು. ಮುಳ್ಳಿನ ಪೊದೆ ನೆರಳು ಕೊಡಲಾರದೆಂಬುದನ್ನು ಶೆಕೆಮಿನವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ಕನ್ನಡ ಕ್ರೈಸ್ತರಿಗೆ ದೊರೆತ ಮೊದಲ ದೊಡ್ಡ ಕಲ್ಪನಾಕಥೆ ಬೇರೊಂದು ದಾರಿಯಲ್ಲಿ ಬಂದಿತು. ಅಪ್ಪಣೆಯಿಲ್ಲದೆ ಪ್ರಸಂಗ ಮಾಡಿದ್ದಕ್ಕಾಗಿ 1660ರಲ್ಲಿ ಬಂಧಿತನಾಗಿ ಬೆಡ್‌ಫರ್ಡಿನಲ್ಲಿ 12 ವರ್ಷ ಸೆರೆಯಲ್ಲಿದ್ದ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಕೃತಿಯನ್ನು ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ 1840ರ ದಶಕದಲ್ಲಿ ‘ಯಾತ್ರಿಕನ ಸಂಚಾರ’ವೆಂದು ಕನ್ನಡಿಸಿದರು. ಅಲ್ಲಿ ಪಾತ್ರದ ಹೆಸರೇ ಅದರ ಗುಣ. ಹಟಮಾರಿ ಬಂದನೆಂದರೆ ಅವನು ಏನು ಮಾಡುವನೆಂಬುದು ಮೊದಲೇ ಗೊತ್ತು. ನಮ್ಮ ಪ್ರಸಂಗಗಳ ಕಥೆಗಳು ಬಹುಪಾಲು ಈ ಸುಲಭಭಾಗವನ್ನೇ ಕಲಿತವು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಕನಕದಾಸರ ಕಾವ್ಯವನ್ನು ಪ್ರಸಂಗಪೀಠಕ್ಕೆ ತಂದು, ರಾಮನಿದ್ದೆಡೆಯಲ್ಲಿ ಕ್ರಿಸ್ತನನ್ನು ಕುಳ್ಳಿರಿಸುವುದನ್ನು ನಾವು ಒಪ್ಪುವುದಿಲ್ಲ. ಅದು ಒಬ್ಬ ಭಕ್ತನ ಅರಿಕೆ. ಅದನ್ನು ಕದ್ದು ನಮ್ಮದೆನ್ನುವುದು ಸುವಾರ್ತೆಯ ಸೇವೆಯಾಗದು. ಚಿಕ್ಕಬಳ್ಳಾಪುರದ ಸುತ್ತ ಲಂಡನ್ ಮಿಷನ್ ಬಿತ್ತಿದ ಸಭೆಗಳ ಜನರೂ ರಾಗಿಯನ್ನೇ ಉಂಡವರು. ಅವರ ಹೊಲವೂ ಕಣಜವೂ ಸಾಕ್ಷಿ ನುಡಿಯುವಂಥ ಕಥೆಯನ್ನು ನಾವೇ ಕಟ್ಟಬೇಕಾಗಿದೆ.

ಬನ್ಯನ್‌ನಿಗೂ ನಾವು ಅನ್ಯಾಯ ಮಾಡಬಾರದು. ಅವನ ನಾಯಕ ಕಿವಿಗಳನ್ನು ಮುಚ್ಚಿಕೊಂಡು, ಕೂಗುವ ಹೆಂಡತಿಮಕ್ಕಳನ್ನು ಬಿಟ್ಟು ಓಡುತ್ತಾನೆ. ದೀಕ್ಷಾಸ್ನಾನಕ್ಕಾಗಿ ಮನೆಯಿಂದ ಹೊರದಬ್ಬಲ್ಪಟ್ಟವನಿಗೆ ಆ ಪುಟ ಬರಿಯ ರೂಪಕವಾಗಿ ಕಂಡಿರಲಾರದು. ಹಿಂದೆ ಉಳಿದ ಹೆಂಡತಿಗೂ ಅಲ್ಲ. ಆರು ವರ್ಷಗಳ ತರುವಾಯ, 1684ರಲ್ಲಿ, ಬನ್ಯನ್ ಎರಡನೆಯ ಭಾಗವನ್ನು ಹೊರತಂದನು. ಅದರಲ್ಲಿ ಹೆಂಡತಿ ಹೊರಡುತ್ತಾಳೆ: ನಾಲ್ವರು ಗಂಡುಮಕ್ಕಳೊಂದಿಗೆ, ಕರೆಯದೆಯೇ ಜೊತೆಗೂಡಿದೆನೇ ಎಂದು ಅಂಜುವ ಎಳೆಯ ನೆರೆಯವಳೊಂದಿಗೆ, ಮುಂದೆ ಕತ್ತಿ ಹಿಡಿದು ನಡೆಯುವ ಮಾರ್ಗದರ್ಶಕನೊಂದಿಗೆ. ಮಕ್ಕಳ ಕಾಲು ಸೋತಲ್ಲಿ ಎಲ್ಲರೂ ನಿಲ್ಲುತ್ತಾರೆ.