ಇಂಜಿನಿಯರಿಂಗ್ ಪ್ರವೇಶ: ಸೀಟುಗಳ ಹಂಚಿಕೆ ಮತ್ತು ವೆಚ್ಚ – ಬಾಗಲಕೋಟೆ ಜಿಲ್ಲೆಯ ಅರ್ಜಿದಾರರಿಗೆ ಮಾಹಿತಿ

ಹಿನ್ನೆಲೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪನೆಗೊಂಡಿತು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು (ಸ್ಥಾಪನೆ 1963) ಹಾಗೂ ಮುಧೋಳದ ಬೀಳೂರು ಗುರುಬಸವ ಮಹಾಸ್ವಾಮೀಜಿ ತಾಂತ್ರಿಕ ವಿದ್ಯಾಲಯಗಳು ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ. ಸರ್ಕಾರಿ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ.

ಅರ್ಹತೆ ಮತ್ತು ರ್‍ಯಾಂಕ್

ದ್ವಿತೀಯ ಪಿ.ಯು.ಸಿ.ಯ ನಿಗದಿತ ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 45 (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರೆ ಹಿಂದುಳಿದ ವರ್ಗಗಳಿಗೆ ಶೇ. 40) ಅಂಕ ಪಡೆದಿರತಕ್ಕದ್ದು. ರ್‍ಯಾಂಕ್ ನಿರ್ಧಾರಕ್ಕೆ ಪಿ.ಯು.ಸಿ. ಹಾಗೂ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿ.ಇ.ಟಿ.) ಅಂಕಗಳನ್ನು ಸಮಪಾಲಿನಲ್ಲಿ ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಪಿ.ಯು.ಸಿ.ಯಲ್ಲಿ 300ಕ್ಕೆ 240 (ಶೇ. 80) ಮತ್ತು ಸಿ.ಇ.ಟಿ.ಯಲ್ಲಿ 180ಕ್ಕೆ 108 (ಶೇ. 60) ಪಡೆದವರ ಸರಾಸರಿ ಶೇ. 70 ಆಗುತ್ತದೆ.

ಸೀಟುಗಳ ಹಂಚಿಕೆ

ಅಲ್ಪಸಂಖ್ಯಾತೇತರ ಅನುದಾನರಹಿತ ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45 ಸರ್ಕಾರಿ, ಶೇ. 30 ಕಾಮೆಡ್-ಕೆ ಹಾಗೂ ಶೇ. 25 ಆಡಳಿತ ಮಂಡಳಿ ಸೀಟುಗಳಿರುತ್ತವೆ. 60 ಸೀಟುಗಳ ಒಂದು ವಿಭಾಗದಲ್ಲಿ ಇವು ಅನುಕ್ರಮವಾಗಿ 27, 18 ಹಾಗೂ 15 ಆಗುತ್ತವೆ. ಒಂದೇ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗಳ ಶುಲ್ಕವು ಸೀಟಿನ ಬಗೆಗೆ ಅನುಗುಣವಾಗಿ ಬೇರೆ ಬೇರೆಯಾಗಿರುತ್ತದೆ.

ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅನುದಾನಿತ ಹಾಗೂ ಅನುದಾನರಹಿತ ವಿಭಾಗಗಳೆರಡೂ ಇವೆ. ಅನುದಾನಿತ ವಿಭಾಗದ ಬೋಧನಾ ಶುಲ್ಕವು ಕಡಿಮೆ. ಆದ್ದರಿಂದ ಆಯ್ಕೆಗಳನ್ನು ನಮೂದಿಸುವಾಗ ಕಾಲೇಜಿನ ಹೆಸರನ್ನಷ್ಟೇ ನೋಡದೆ, ವಿಭಾಗದ ಬಗೆ ಮತ್ತು ಆ ವರ್ಷದ ಶುಲ್ಕವನ್ನೂ ಪರಿಶೀಲಿಸುವುದು ಅವಶ್ಯ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ

ಸರ್ಕಾರಿ ಸೀಟುಗಳಲ್ಲಿ 1ರಿಂದ 10ನೇ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸಮತಳ ಮೀಸಲಾತಿ ಇದೆ. ಮೇಲ್ಕಂಡ 27 ಸೀಟುಗಳ ಲೆಕ್ಕದಲ್ಲಿ ಇವು ಸುಮಾರು 4 ಹಾಗೂ 1 ಆಗುತ್ತವೆ.

ಬಾಗಲಕೋಟೆ ಮತ್ತು ಇಳಕಲ್ ನಗರಸಭೆಗಳು. ಬಾದಾಮಿ ಮತ್ತು ಹುನಗುಂದ ಪುರಸಭೆಗಳು. ಇವುಗಳ ವ್ಯಾಪ್ತಿಯ ಶಾಲೆಗಳು ಗ್ರಾಮೀಣವೆಂದು ಪರಿಗಣಿತವಾಗುವುದಿಲ್ಲ. ಐಹೊಳೆ ಅಥವಾ ಪಟ್ಟದಕಲ್ಲಿನಂತಹ ಗ್ರಾಮದಲ್ಲಿ 7ನೇ ತರಗತಿ ಮುಗಿಸಿ, ಪ್ರೌಢಶಾಲೆಗೆ ಪಟ್ಟಣಕ್ಕೆ ಬಂದವರು ಮನೆ ಗ್ರಾಮದಲ್ಲಿಯೇ ಇದ್ದರೂ ಈ ಮೀಸಲಾತಿಗೆ ಅರ್ಹರಾಗುವುದಿಲ್ಲ. ಆದರೆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಲ್ಲಿ ಅದರ ಮೀಸಲಾತಿಯನ್ನು ಕೋರಬಹುದು.

ಸಂವಿಧಾನದ 371(ಜೆ) ವಿಧಿಯ ಸೌಲಭ್ಯವು ಬಾಗಲಕೋಟೆ ಜಿಲ್ಲೆಗೆ ಅನ್ವಯಿಸುವುದಿಲ್ಲ. ಇಳಕಲ್‌ಗೆ ಸಮೀಪದ ಕುಷ್ಟಗಿಯು ಕೊಪ್ಪಳ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿನ ಅರ್ಹ ಅಭ್ಯರ್ಥಿಗಳಿಗೆ ಅದು ದೊರೆಯುತ್ತದೆ.

ವೆಚ್ಚ ಮತ್ತು ರಿಯಾಯಿತಿ

1. ಬೋಧನಾ ಶುಲ್ಕವನ್ನು ಪ್ರತಿ ವರ್ಷ ಪ್ರಕಟಿಸಲಾಗುತ್ತದೆ. ವಿಶ್ವವಿದ್ಯಾಲಯದ ಶುಲ್ಕ, ವಸತಿ, ಊಟ ಮತ್ತು ಪುಸ್ತಕಗಳ ವೆಚ್ಚವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕತಕ್ಕದ್ದು.
2. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ.ಗಳಿಗಿಂತ ಕಡಿಮೆ ಇರುವವರು ಹೆಚ್ಚುವರಿ ಶೇ. 5ರ ಸೂಪರ್ ನ್ಯೂಮರರಿ ಕೋಟಾಕ್ಕೆ ಅರ್ಜಿ ಸಲ್ಲಿಸಬಹುದು. 60 ಸೀಟುಗಳಿಗೆ ಹೆಚ್ಚುವರಿಯಾಗಿ 3 ಸೀಟುಗಳಿರುತ್ತವೆ. ಇಲ್ಲಿ ಬೋಧನಾ ಶುಲ್ಕ ಮಾತ್ರ ಮನ್ನಾ ಆಗುತ್ತದೆ. ಇತರೆ ಶುಲ್ಕಗಳನ್ನು ಪಾವತಿಸಬೇಕು.
3. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.
4. ಬಾದಾಮಿಯಿಂದ ಬಾಗಲಕೋಟೆಗೆ ರೈಲು ಸೌಲಭ್ಯವಿದೆ. ಹುನಗುಂದ ಮತ್ತು ಇಳಕಲ್‌ನವರು ಬಸ್ಸನ್ನೇ ಅವಲಂಬಿಸಬೇಕಾಗುತ್ತದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ವಿದ್ಯಾರ್ಥಿನಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ.

ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

- ಜಾತಿ ಮತ್ತು ಆದಾಯ ಪ್ರಮಾಣಪತ್ರ: ನಾಡಕಚೇರಿಯ ಮೂಲಕ ತಹಶೀಲ್ದಾರರಿಂದ. ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸತಕ್ಕದ್ದು.
- ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ: ಮುಖ್ಯೋಪಾಧ್ಯಾಯರ ಸಹಿ ಮತ್ತು ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೊಂದಿಗೆ. ಎರಡು ಶಾಲೆಗಳಲ್ಲಿ ಓದಿದ್ದಲ್ಲಿ ಎರಡೂ ಕಡೆಯಿಂದ ಪಡೆಯತಕ್ಕದ್ದು.

ಸದರಿ ದಾಖಲೆಗಳಿಲ್ಲದೆ ಕೋರಿದ ಮೀಸಲಾತಿಯು ಪರಿಶೀಲನೆಯಲ್ಲಿ ಉಳಿಯುವುದಿಲ್ಲ. ಅರ್ಜಿದಾರರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅರ್ಜಿ ಸಲ್ಲಿಸುವ ಮುನ್ನವೇ ಇವುಗಳನ್ನು ಪಡೆದುಕೊಳ್ಳುವುದು ಸೂಕ್ತ.