ಬಾಣಂತನಕ್ಕೆ ಹೋದವಳು

ಹೆಣ್ಣುಮಕ್ಕಳನ್ನು ಹೊರದೇಶಕ್ಕೆ ಕೊಟ್ಟ ನಮ್ಮಂಥ ತಾಯಂದಿರಿಗೆ ವಿಮಾನವೆಂದರೆ ಬಾಣಂತನದ ಗಾಡಿ. ನಾನೂ ಹಾಗೆಯೇ ಹತ್ತಿದವಳು. 2019ರ ಡಿಸೆಂಬರ್‌ನಲ್ಲಿ ಹೊನ್ನಾಳಿಯಿಂದ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಹೆಚ್ಚಾಗಿ ಅಂಟು, ಒಣಕೊಬ್ಬರಿ, ಉತ್ತುತ್ತೆ, ಒಣಶುಂಠಿ, ಓಂಕಾಳು, ಬಜೆ ಇದ್ದವು. ಮಗಳಿರುವುದು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಎಂಬ ಊರಿನಲ್ಲಿ. ಜನವರಿಯಲ್ಲಿ ಮೊಮ್ಮಗಳು ಹುಟ್ಟಿದಳು. ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡಲು ಹೋದರೆ, ಮನೆಯ ಛಾವಣಿಗೆ ಅಂಟಿಸಿದ್ದ ಹೊಗೆಗಂಟೆ ಬಾಯಿ ಬಡಿದುಕೊಂಡು, ಪಕ್ಕದ ಮನೆಯ ಅಜ್ಜಿ ನೈಟಿಯಲ್ಲೇ ಓಡಿಬಂದರು. ಆ ಊರಿನಲ್ಲಿ ನನಗಾಗಬಹುದಾದ ದೊಡ್ಡ ಗಾಬರಿ ಅದೇ ಎಂದುಕೊಂಡಿದ್ದೆ.

ನನ್ನ ವಾಪಸು ಟಿಕೆಟ್ಟು 2020ರ ಮಾರ್ಚ್ 20ರದ್ದು. ಜಗಳೂರಿನಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೆ ಆಗ ಎಂಬತ್ನಾಲ್ಕು. ಯುಗಾದಿಗೆ ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದೆ. ಆ ವರ್ಷ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ಆದರೆ ಬ್ರಿಟನ್, ಯುರೋಪುಗಳಿಂದ ಬರುವವರಿಗೆ ಭಾರತ ಮಾರ್ಚ್ 18ಕ್ಕೇ ಬಾಗಿಲು ಹಾಕಿತು. 22ರಿಂದ ಬೇರೆ ಯಾವ ದೇಶದ ವಿಮಾನವೂ ಇಲ್ಲ. ಎರಡೇ ದಿನದಲ್ಲಿ ತಪ್ಪಿತು. ಯುಗಾದಿಯ ದಿನ ಇಡೀ ದೇಶಕ್ಕೇ ಬೀಗ. ಬೇವು-ಬೆಲ್ಲವನ್ನು ನಾನು ಮೊಬೈಲಿನ ಗಾಜಿನೊಳಗೆ ನೋಡಿದೆ. ಅವ್ವ ಒಂದೇ ಮಾತು ಕೇಳಿದಳು: “ಬಸ್ಸು ತಪ್ತೇನೇ?”

ತಪ್ಪಿತು ಅಂದೆ. ವಿಮಾನದ ವಿಷಯ ಅವಳಿಗೆ ಬಿಡಿಸಿ ಹೇಳುವುದು ಹೇಗೆ?

ಆಮೇಲಿನ ಎರಡೂವರೆ ತಿಂಗಳನ್ನು ಈಗ ನೆನೆದರೆ ಎಲ್ಲವೂ ಒಂದೇ ದಿನದ ಹಾಗೆ ತೋರುತ್ತದೆ. ಬೆಳಗ್ಗೆ ಎದ್ದು ಮಗುವಿಗೆ ಎಣ್ಣೆ ಹಚ್ಚುವುದು, ಮಧ್ಯಾಹ್ನ ಫೋನಿನಲ್ಲಿ ಊರಿನ ಸುದ್ದಿ. ಹೊನ್ನಾಳಿಯಲ್ಲಿ ಒಬ್ಬರೇ ಉಳಿದಿದ್ದ ನಮ್ಮ ಮನೆಯವರು ಅರವತ್ತೈದನೆಯ ವಯಸ್ಸಿನಲ್ಲಿ ಅನ್ನಕ್ಕೆ ನೀರೆಷ್ಟು ಎಂದು ಕಲಿತರು. (ಈಗ ಚೆನ್ನಾಗಿ ಮಾಡುತ್ತಾರೆ, ಮರೆತುಹೋಗಿದೆ ಎನ್ನುತ್ತಾರೆ.) ಗುರುವಾರ ರಾತ್ರಿ ಎಂಟಕ್ಕೆ ಆ ಬೀದಿಯವರೆಲ್ಲ ಬಾಗಿಲಿಗೆ ಬಂದು ದಾದಿಯರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ಶಾಲು ಹೊದ್ದು ತಟ್ಟುತ್ತಿದ್ದೆ. ನಮ್ಮಲ್ಲಿ ತಟ್ಟೆ ಬಾರಿಸಿದ್ದರು, ಇಲ್ಲಿ ಚಪ್ಪಾಳೆ; ಸದ್ದು ಬೇರೆಯಾದರೂ ಹೆದರಿಕೆ ಒಂದೇ ಅನ್ನಿಸುತ್ತಿತ್ತು. ಸುದ್ದಿಯಲ್ಲಿ ಬೋರಿಸ್ ಜಾನ್ಸನ್ ಅವರೇ ಆಸ್ಪತ್ರೆ ಸೇರಿದ್ದು ಬಂದಾಗ ಆ ಊರಿಗೂ ನಮ್ಮೂರಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ನನಗೇನು, ಮಗಳ ಮನೆ, ಹೊತ್ತುಹೊತ್ತಿಗೆ ಊಟ. ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನ್ಯಾಮತಿ ಕಡೆಯ ಒಂದು ಹುಡುಗಿಯ ಪರಿಚಯವಾಯಿತು. ಓದಲು ಬಂದವಳು, ಸಂಜೆ ಹೊತ್ತು ಒಂದು ಹೋಟೆಲಿನಲ್ಲಿ ಕೆಲಸ ಮಾಡಿ ಬಾಡಿಗೆ ಕಟ್ಟುತ್ತಿದ್ದಳು. ಹೋಟೆಲು ಮುಚ್ಚಿತು, ಬಾಡಿಗೆ ಮುಚ್ಚಲಿಲ್ಲ. ಮನೆಯಲ್ಲಿ ಅಡಿಕೆ ತೋಟ ಅಡವಿಟ್ಟು ಕಳಿಸಿದ್ದರು. ಅಪ್ಪನಿಗೆ ಹೇಳಲು ನಾಚಿಕೆ. ದಿನಕ್ಕೊಂದು ಹೊತ್ತು ಉಂಡು ಇದ್ದಳೆಂದು ನನಗೆ ಆಮೇಲೆ ಗೊತ್ತಾಯಿತು. ಅಲ್ಲಿನ ಕನ್ನಡದವರು ಅಕ್ಕಿ, ಬೇಳೆ, ಎಣ್ಣೆ ಬಾಗಿಲಿಗೆ ಇಟ್ಟುಹೋಗುತ್ತಿದ್ದರು. ನನ್ನ ಅಂಟಿನುಂಡೆಯ ಕೊನೆಯ ಡಬ್ಬಿಯೂ ಅವಳಿಗೇ ಹೋಯಿತು. ಬಾಣಂತಿಗೆ ಮಾಡಿದ್ದು ಹಸಿದವಳಿಗೂ ಆಗುತ್ತದೆ.

ಬ್ರಿಟಿಷರು ಭಾರತದಲ್ಲಿ ಸಿಕ್ಕಿಕೊಂಡಿದ್ದ ತಮ್ಮವರನ್ನು ಏಪ್ರಿಲ್‌ನಲ್ಲೇ ಗೋವಾ, ಮುಂಬೈ, ದೆಹಲಿಗಳಿಂದ ವಿಶೇಷ ವಿಮಾನಗಳಲ್ಲಿ ಕರೆಸಿಕೊಂಡರು. ನಮ್ಮ ಸರದಿ ಬಂದದ್ದು ಮೇ ತಿಂಗಳಲ್ಲಿ. ಅದಕ್ಕೆ ವಂದೇ ಭಾರತ್ ಎಂದು ಹೆಸರು. ಈಗ ಆ ಹೆಸರು ಹೇಳಿದರೆ ನಮ್ಮ ಕಡೆಯವರಿಗೆ ದಾವಣಗೆರೆಯಲ್ಲಿ ನಿಲ್ಲುವ ಧಾರವಾಡದ ರೈಲು ನೆನಪಾಗುತ್ತದೆ. 2020ರಲ್ಲಿ ಅದು ವಿಮಾನ. ಮೇ 7ರಂದು ಮೊದಲ ಎರಡು ವಿಮಾನ ಅಬುಧಾಬಿ, ದುಬೈಗಳಿಂದ ಕೇರಳಕ್ಕೆ ಬಂದವು. ಮಾಲ್ಡೀವ್ಸ್‌ನಿಂದ ನೌಕಾಪಡೆಯ ಜಲಾಶ್ವ ಹಡಗು 698 ಜನರನ್ನು ಕೊಚ್ಚಿಗೆ ತಂದಿತು. ಕರ್ನಾಟಕಕ್ಕೆ ಮೊದಲನೆಯದು ಲಂಡನ್ನಿನಿಂದಲೇ: ಮೇ 11ರ ನಸುಕಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರೊಂದಿಗೆ ಬೆಂಗಳೂರಿಗೆ. ಮರುದಿನ ದುಬೈನಿಂದ ಮಂಗಳೂರಿಗೆ. ಅದರಲ್ಲಿ ಗರ್ಭಿಣಿಯರೇ ಹಲವರಿದ್ದರು. ತುಂಬು ಬಸಿರಿ ತವರಿಗೆ ಬರುವುದು ನಮ್ಮಲ್ಲಿ ಹೊಸದೇನಲ್ಲ, ಆದರೆ ಹೀಗೆ ಮುಖ ಮುಚ್ಚಿಕೊಂಡು, ಕರೆಯಲು ಅಣ್ಣನೂ ಬರದೆ?

ಪುಕ್ಕಟೆಯೇನಲ್ಲ. ಲಂಡನ್ನಿನಿಂದ 50,000 ರೂಪಾಯಿ, ಅಮೆರಿಕದಿಂದ ಒಂದು ಲಕ್ಷ ಎಂದು ಸರ್ಕಾರವೇ ದರ ಹೇಳಿತ್ತು. ನಾವು ಹೈಕಮಿಷನ್ನಿನಲ್ಲಿ ಹೆಸರು ಬರೆಸಿ ಕಾಯಬೇಕು. ಕಾಯಿಲೆಯವರು, ಬಸುರಿಯರು, ವಯಸ್ಸಾದವರು, ಮನೆಯಲ್ಲಿ ಸಾವಾದವರು, ವಿದ್ಯಾರ್ಥಿಗಳು ಮೊದಲು. ಅರ್ಜಿಯಲ್ಲಿ ‘ಕಾರಣ’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಒಂದು ರಾತ್ರಿ ಕೂತಿದ್ದೆ. ಕೊನೆಗೆ ‘ತಾಯಿಗೆ 84 ವರ್ಷ’ ಎಂದು ಬರೆಸಿದೆ. ನನ್ನ ಹಳೆಯ ಟಿಕೆಟ್ಟಿನ ದುಡ್ಡು ವಾಪಸು ಬಂದದ್ದು ಬಹಳ ತಿಂಗಳ ಮೇಲೆ, ಅದೂ ಅಳಿಯ ನಲವತ್ತು ಸಲ ಫೋನು ಮಾಡಿದ ಮೇಲೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ನಮಗಾಗಿ ವಿಮಾನದ ಪಟ್ಟಿ ತಯಾರಾಗುತ್ತಿದ್ದ ಅದೇ ವಾರ, ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಜಗಳೂರು ಕಡೆಯ ಎಷ್ಟೋ ಸಂಸಾರಗಳು ಮೆಜೆಸ್ಟಿಕ್ಕಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದವು. ಮೊದಲು ದುಪ್ಪಟ್ಟು ದರ ಕೇಳಿದರು. ಗಲಾಟೆಯಾದ ಮೇಲೆ ಮೇ ಮೊದಲ ವಾರದಲ್ಲಿ ಪುಕ್ಕಟೆ ಬಿಟ್ಟರು. ಎಂಟು ಸಾವಿರ ಕಿಲೋಮೀಟರಿನಾಚೆ ಇದ್ದ ನಾನೂ, ಇನ್ನೂರ ಐವತ್ತು ಕಿಲೋಮೀಟರಿನಾಚೆ ಇದ್ದ ಅವರೂ ಮನೆಗೆ ಅಷ್ಟೇ ದೂರವಾಗಿದ್ದೆವು. ಅವರಲ್ಲಿ ನಡೆದೇ ಹೊರಟವರಿದ್ದರು.

ನನ್ನ ವಿಮಾನ ಜೂನ್ ಮೊದಲ ವಾರದಲ್ಲಿ. ಮಗಳು ಬಾಗಿಲಲ್ಲೇ ನಿಂತಳು, ಮಗುವಿನ ಕೈ ಹಿಡಿದು ಆಡಿಸಿದಳು. ವಿಮಾನದೊಳಗೆ ಗಗನಸಖಿಯರಿಗೆ ತಲೆಯಿಂದ ಕಾಲಿನತನಕ ಬಿಳಿ ಅಂಗಿ. ಊಟದ ಪೊಟ್ಟಣ ಮೊದಲೇ ಸೀಟಿನ ಮೇಲಿತ್ತು. ಹತ್ತು ಗಂಟೆ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಒಬ್ಬರು ಕೆಮ್ಮಿದರೆ ಹತ್ತು ತಲೆ ತಿರುಗುತ್ತಿದ್ದವು. ಬೆಂಗಳೂರಿನಲ್ಲಿ ಇಳಿದ ಮೇಲೆ ಜ್ವರ ನೋಡಿ, ಎಡಗೈಯ ಹಿಂಬದಿಗೆ ಶಾಯಿಯ ಮುದ್ರೆ ಒತ್ತಿದರು: ಇಂಥ ತಾರೀಖಿನವರೆಗೆ ಇವಳು ಯಾರನ್ನೂ ಸೇರತಕ್ಕದ್ದಲ್ಲ. ಏಳು ದಿನ ನಮ್ಮದೇ ಖರ್ಚಿನಲ್ಲಿ ಹೋಟೆಲು, ಆಮೇಲೆ ಏಳು ದಿನ ಮನೆಯಲ್ಲಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳಿಗೆ ಒಂಟಿ ಕೋಣೆಯಲ್ಲಿ ಮಾಡಲು ಬೇರೇನಿದೆ? ಹಳೆಯದನ್ನೆಲ್ಲ ನೆನೆದೆ. 1990ರಲ್ಲಿ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಎರಡು ತಿಂಗಳಲ್ಲಿ ವಿಮಾನ ಹತ್ತಿಸಿ ತಂದರು. ಆ ಸುದ್ದಿಯನ್ನು ನಾನು ತರಗತಿಯಲ್ಲಿ ಪತ್ರಿಕೆ ಹಿಡಿದು ಓದಿ ಹೇಳಿದ್ದೆ. ಬಂದವರು ಎಲ್ಲ ಕಳಕೊಂಡು ಬಂದಿದ್ದರು, ಆದರೆ ನೆಲ ಮುಟ್ಟಿದ ಕೂಡಲೇ ಅಪ್ಪಿಕೊಳ್ಳುವವರಿದ್ದರು. ನಮ್ಮ ವಿಮಾನಕ್ಕೆ ಅದು ಸಾಧ್ಯವಿರಲಿಲ್ಲ. ನಾವು ಕಷ್ಟದಿಂದ ಪಾರಾಗಿ ಬಂದವರೋ, ಕಷ್ಟವನ್ನು ಹೊತ್ತು ತಂದವರೋ ನಮಗೇ ಗೊತ್ತಿಲ್ಲ. ತಪ್ಪು ಯಾರದೂ ಅಲ್ಲ. ಕರ್ನಾಟಕದಲ್ಲಿ ಮಾರ್ಚ್ 9ರಂದು ಪತ್ತೆಯಾದ ಮೊದಲ ರೋಗಿ ಅಮೆರಿಕದಿಂದ ಬಂದವರು. ದೇಶದ ಮೊದಲ ಸಾವು ಕಲಬುರಗಿಯಲ್ಲಿ, ಸೌದಿಯಿಂದ ಮರಳಿದ ಹಿರಿಯರೊಬ್ಬರದು. ಜನ ವಿಮಾನವನ್ನು ನೋಡಿ ಹೆದರಿದ್ದಕ್ಕೆ ಕಾರಣವಿತ್ತು.

ವಿಮಾನಕ್ಕಿಂತ ಮೊದಲು ರೈಲನ್ನು ನೋಡಿ ಹೆದರಿದ್ದರು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಅಂದರೆ ನಮ್ಮ ಹರಿಹರ, ದಾವಣಗೆರೆಯ ಮೇಲೆಯೇ ಹಾದು. ಆಮೇಲೆ ಹತ್ತಾರು ವರ್ಷ ಅದು ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ಇಲಿ ಬಿತ್ತೆಂದರೆ ಊರು ಬಿಡುವುದು. ಹೊಲದಲ್ಲಿ ಗುಡಿಸಲು ಹಾಕಿ, ಮಾರಿ ಹೋದಳೆಂದ ಮೇಲೆ ಮರಳುವುದು. ಅವ್ವ ಆರೇಳು ವರ್ಷದವಳಿದ್ದಾಗ ಹಾಗೆ ಹೋಗಿದ್ದಳಂತೆ. ಹೋಟೆಲಿನಿಂದ ಫೋನು ಮಾಡಿದಾಗ, “ಒಬ್ಬಳೇ ಇದೀಯೇನೇ ಗುಡ್ಲಾಗೆ?” ಅಂದಳು. “ನಾವು ಹೊಲದಾಗೆ ಎಲ್ಲಾರೂ ಇದ್ವಿ. ಎಮ್ಮೆನೂ ಇತ್ತು. ಚೆಂದಿತ್ತು ಅನ್ಬೇಕು, ತಂಗಿ ಒಬ್ಬಳು ಹೋದಳು ನೋಡು.”

ಕ್ವಾರಂಟೈನ್ ಎಂಬ ಮಾತು ಇಟಲಿಯವರ ನಲವತ್ತು ದಿನದ ಲೆಕ್ಕದಿಂದ ಬಂದದ್ದು, ಹಡಗುಗಳನ್ನು ದಡದಾಚೆ ನಿಲ್ಲಿಸುತ್ತಿದ್ದ ಕಾಲದ್ದು. ನಮ್ಮಲ್ಲಿ ನಲವತ್ತು ದಿನದ ಲೆಕ್ಕ ಬಾಣಂತಿಗೆ ಇದೆ. ಬಾಣಂತನ ಮಾಡಿ ಬಂದವಳು ನಾನೇ ಕೋಣೆ ಸೇರಿದೆ ಎಂದು ಫೋನಿನಲ್ಲಿ ಮಗಳು ನಗಿಸಿದಳು.

ಹೊನ್ನಾಳಿಗೆ ಬಂದು ಇಳಿದದ್ದು ಸಂಜೆ. ತುಂಗಭದ್ರೆಯ ಸೇತುವೆ ದಾಟುವಾಗ ಕಾರಿನ ಗಾಜು ಇಳಿಸಿ ಉಸಿರೆಳೆದುಕೊಂಡೆ. ನಮ್ಮ ಬೀದಿಗೆ ಬಂದಾಗ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಗೇಟಿಗೆ ಒಂದು ಚೀಟಿ ಅಂಟಿಸಿದರು. ಇಪ್ಪತ್ತು ವರ್ಷದಿಂದ ಹಾಲು ಹಾಕುತ್ತಿದ್ದವಳು ಮರುದಿನದಿಂದ ಬರಲಿಲ್ಲ. ಎದುರು ಮನೆಯಾಕೆ, ನನ್ನೊಡನೆ ಎಷ್ಟು ಶ್ರಾವಣ ಶನಿವಾರ ದೇವಸ್ಥಾನಕ್ಕೆ ಬಂದವಳು, ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕಿದರೆ ಗಾಳಿ ಈ ಕಡೆ ಬೀಸುತ್ತೆ ಎಂದು ನಮ್ಮ ಮನೆಯವರಿಗೆ ಫೋನು ಮಾಡಿದಳು. ಸಿಟ್ಟು ಬಂತು, ಸುಳ್ಳೇಕೆ. ಆದರೆ ಮಾರ್ಚಿನಲ್ಲಿ ನಾನು ಇದೇ ಬೀದಿಯಲ್ಲಿದ್ದು ದುಬೈನಿಂದ ಯಾರಾದರೂ ಬಂದಿಳಿದಿದ್ದರೆ ನನ್ನ ಬಾಗಿಲು ತೆರೆದಿರುತ್ತಿತ್ತೇ? ಎದೆ ಮುಟ್ಟಿ ಹೇಳಲಾರೆ.

ದಿನಾ ಗೇಟಿಗೆ ಬಂದವಳು ಒಬ್ಬಳೇ, ಆಶಾ ಕಾರ್ಯಕರ್ತೆ. ಎಂಟನೆಯ ತರಗತಿಯಲ್ಲಿ ನನ್ನ ಕೈಲಿ ಏಟು ತಿಂದವಳು. “ಜ್ವರ ಐತಾ ಮಿಸ್? ಕೆಮ್ಮು?” ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಳು. ಅವಳ ಮುಖಕ್ಕಿದ್ದದ್ದು ತಾನೇ ಹೊಲಿದುಕೊಂಡ ಬಟ್ಟೆ. ಎರಡನೇ ದಿನ ಒಂದು ತಂಬಿಗೆ ಹಾಲು ಕಟ್ಟೆಯ ಮೇಲೆ ಇಟ್ಟುಹೋದಳು. ಮರು ತಿಂಗಳು ಇಡೀ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಕೆಲಸ ನಿಲ್ಲಿಸಿದಾಗ, ನಮ್ಮ ಬೀದಿಯಲ್ಲಿ ‘ಈ ಹೊತ್ತಿನಲ್ಲಿ ಇವರಿಗೆ ದುಡ್ಡೇ’ ಎಂದವರಿದ್ದರು. ನಾನು ಜಗಳವಾಡಿದೆ.

ಆ ವರ್ಷ ಆಗಸ್ಟ್ 7ರ ರಾತ್ರಿ ಇನ್ನೊಂದು ಸುದ್ದಿ ಬಂತು. ದುಬೈನಿಂದ ಇಂಥದೇ ವಂದೇ ಭಾರತ್ ವಿಮಾನ ಮಳೆಯಲ್ಲಿ ಕೋಝಿಕ್ಕೋಡಿನ ಕರಿಪುರದಲ್ಲಿ ಇಳಿಯುವಾಗ ಜಾರಿ ಕೆಳಗುರುಳಿ ತುಂಡಾಯಿತು. 190 ಜನರಿದ್ದರು, 21 ಜನ ತೀರಿಕೊಂಡರು. ಅಕ್ಕಪಕ್ಕದ ಕೊಂಡೋಟ್ಟಿಯ ಜನ, ಅವರದೇ ಊರಿನಲ್ಲಿ ಸೋಂಕಿನ ಕಟ್ಟುಪಾಡಿದ್ದರೂ, ಆ ಕತ್ತಲೆಯಲ್ಲಿ ಓಡಿಹೋಗಿ ಗಾಯಗೊಂಡವರನ್ನು, ಮಕ್ಕಳನ್ನು ಬರಿಗೈಯಲ್ಲಿ ಎತ್ತಿಕೊಂಡು ಸಿಕ್ಕ ಸಿಕ್ಕ ಕಾರುಗಳಲ್ಲಿ ಆಸ್ಪತ್ರೆಗೆ ಒಯ್ದರು. ರಕ್ತ ಕೊಡಲು ಸಾಲು ನಿಂತರು. ಆಮೇಲೆ ಅವರೆಲ್ಲ ಕ್ವಾರಂಟೈನಿಗೆ ಹೋಗಬೇಕಾಯಿತು, ಹೋದರು. ಅದನ್ನು ಟಿ.ವಿ.ಯಲ್ಲಿ ನೋಡುವಾಗ ನಮ್ಮ ಎದುರು ಮನೆಯಾಕೆಯೂ ನಮ್ಮ ಜಗಲಿಯಲ್ಲೇ ಕೂತಿದ್ದಳು. ಇಬ್ಬರೂ ಏನೂ ಮಾತಾಡಲಿಲ್ಲ.

ಊರಿಗೆ ಮರಳುವವರ ಕಥೆ ನಮ್ಮ ಕಡೆ ಅಲ್ಲಿಗೂ ಮುಗಿಯಲಿಲ್ಲ. ಚನ್ನಗಿರಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗಲೆಲ್ಲ ಅಸ್ತಾಪನಹಳ್ಳಿಯ ಹಕ್ಕಿಪಿಕ್ಕಿ ಹೆಂಗಸರನ್ನು ಸಂತೆಯಲ್ಲಿ ಕಾಣುತ್ತಿದ್ದೆ. ಕೂದಲೆಣ್ಣೆ, ಗಿಡಮೂಲಿಕೆ ಮಾರುತ್ತ ಅವರು ಆಫ್ರಿಕಾದ ದೇಶಗಳಿಗೂ ಹೋಗಿಬರುತ್ತಾರೆಂದು ಅಕ್ಕ ಹೇಳಿದಾಗ ನಾನು ನಂಬಿರಲಿಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಯೊಳಗೇ ಕಾದಾಟ ಹೊತ್ತಿಕೊಂಡಾಗ ಚನ್ನಗಿರಿ, ಶಿವಮೊಗ್ಗ, ಹುಣಸೂರು ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಅನ್ನ ನೀರಿಲ್ಲದೆ ಸಿಕ್ಕಿಬಿದ್ದರು. ನಮ್ಮಲ್ಲಿ ಚುನಾವಣೆಯ ಕಾಲ. ಅವರ ಹೆಸರಿನಲ್ಲಿ ದೊಡ್ಡವರ ನಡುವೆ ಮಾತಿಗೆ ಮಾತು ಬೆಳೆಯಿತು. ‘ಆಪರೇಷನ್ ಕಾವೇರಿ’ ಎಂದು ಹೆಸರಿಟ್ಟು ಹಡಗಿನಲ್ಲಿ ಜೆದ್ದಾಕ್ಕೂ ಅಲ್ಲಿಂದ ವಿಮಾನದಲ್ಲಿ ಭಾರತಕ್ಕೂ ತಂದರು. ಏಪ್ರಿಲ್ 28ರಂದು ಬೆಂಗಳೂರಿಗೆ 362 ಜನ ಬಂದಿಳಿದರು, ಅವರಲ್ಲಿ ಹಕ್ಕಿಪಿಕ್ಕಿಗಳಿದ್ದರು. ಹಳದಿ ಜ್ವರದ ಲಸಿಕೆಯ ಚೀಟಿ ಇಲ್ಲದವರನ್ನು ಮತ್ತೆ ಕೆಲವು ದಿನ ಬೇರೆಯೇ ಇರಿಸಿದರಂತೆ. ಗುಂಡಿನ ಸದ್ದಿನಿಂದ ಬಂದವರು ಅದನ್ನೂ ಸಹಿಸಿದರು. ನನ್ನ ಏಳು ದಿನದ ಹೋಟೆಲನ್ನು ಅದರ ಪಕ್ಕದಲ್ಲಿಟ್ಟು ಹೇಳಲು ನನಗೆ ಸಂಕೋಚವಾಗುತ್ತದೆ.

ಇನ್ನು ಅವ್ವನ ವಿಷಯ. ಹದಿನಾಲ್ಕು ದಿನ ಮುಗಿದ ಮೇಲೂ ತಮ್ಮ ಇನ್ನೊಂದು ವಾರ ತಡಿ ಅಕ್ಕಾ ಅಂದ. ಅವ್ವನ ವಯಸ್ಸಿಗೆ ಹೆದರಿದ್ದ, ನನಗೂ ಹೆದರಿಕೆಯಿತ್ತು. ಜೂನ್ ಕೊನೆಯಲ್ಲಿ ಜಗಳೂರಿಗೆ ಹೋದೆವು. ರಸ್ತೆಯ ಎರಡೂ ಬದಿ ಮೆಕ್ಕೆಜೋಳ ಮೊಳಕೆ ಬಿಟ್ಟಿತ್ತು. ನಾನು ಪಡಸಾಲೆಯ ಈ ತುದಿಯಲ್ಲಿ ಸ್ಟೂಲಿನ ಮೇಲೆ, ಅವ್ವ ಆ ತುದಿಯ ಮಂಚದಲ್ಲಿ, ನಡುವೆ ತಮ್ಮ ಎಳೆದ ಸುಣ್ಣದ ಗೆರೆ. ಹತ್ತು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಗೆರೆ ದಾಟಿ ಬಂದು, ನನ್ನ ಎಡಗೈ ಎಳೆದುಕೊಂಡಳು. ತಿಕ್ಕಿ ತಿಕ್ಕಿ ಮಾಸಿದ್ದ ಶಾಯಿಯ ಮುದ್ರೆ ಇನ್ನೂ ಹಸಿರಾಗಿ ಉಳಿದಿತ್ತು. ತನ್ನ ಮೊಣಕೈಯ ಹಚ್ಚೆಯ ಪಕ್ಕಕ್ಕೆ ಅದನ್ನು ಹಿಡಿದು ನೋಡಿದಳು.

“ಈ ವಯಸ್ಸಿನಾಗೆ ಹಚ್ಚೆ ಹಾಕಿಸ್ಕಂಡು ಬಂದೀಯೇನೇ? ಚೂರೂ ಚೆಂದಿಲ್ಲ ಬಿಡು. ಎಷ್ಟು ಇಸ್ಕಂಡ್ರು?”

ನಾನು ಐವತ್ತು ಸಾವಿರ ಅಂದೆ. ಅವ್ವ ಹಣೆ ಚಚ್ಚಿಕೊಂಡಳು.