ದಕ್ಷಿಣಕ್ಕೆ ಮುಖ ಮಾಡಿ ಕೂತ ಕಾಂಕ್ರೀಟ್ ಡಬ್ಬಿಗಳು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಪ್ರಾಜೆಕ್ಟಿನ ರಿಲೀಸು, ಅದಾದ ಮೇಲೆ ಅದರ ಬಗ್‌ಗಳು, ಅದಾದ ಮೇಲೆ ಸುಸ್ತು... ಎಂದಿನ ಕಥೆ. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಒಂದು ಕಾಂಕ್ರೀಟ್ ಡಬ್ಬಿ.

ನಾನು ಸಿಂಗಾಪುರಕ್ಕೆ ಬಂದು ಎರಡು ವರ್ಷದ ಮೇಲಾಯ್ತು. ಆಫೀಸು ಸೈನ್ಸ್ ಪಾರ್ಕಿನಲ್ಲಿ. ಸಂಜೆ ಬಸ್ಸು ಹಿಡಿಯೋಕೆ ಪಾಸಿರ್ ಪಂಜಾಂಗ್ ರಸ್ತೆಗೆ ಇಳಿದು ಬರ್ತೀನಿ. ಸೈನ್ಸ್ ಪಾರ್ಕ್ ರಸ್ತೆ ಬಂದು ಸೇರೋ ಮೂಲೆಯಲ್ಲಿ ಒಂದು ಗಿಡ್ಡ ಕಟ್ಟಡ ಇದೆ. ಮೊದಲ ಆರು ತಿಂಗಳು ಅದನ್ನ ನೀರಿನ ಪಂಪ್‌ಹೌಸ್ ಅಂತಲೇ ಅಂದ್ಕೊಂಡಿದ್ದೆ. ಒಂದಿನ ಬಸ್ಸು ತಪ್ಪಿತು, ಮುಂದಿನದು ಬರೋಕೆ ಹನ್ನೆರಡು ನಿಮಿಷ, ಫೋನಲ್ಲಿ ಚಾರ್ಜಿಲ್ಲ. ಹೋಗಿ ಫಲಕ ಓದಿದೆ. ಅದು ಎರಡನೇ ಮಹಾಯುದ್ಧದ ಪಿಲ್‌ಬಾಕ್ಸ್ ಅಂತೆ!

ಪಿಲ್‌ಬಾಕ್ಸ್ ಅಂದ್ರೆ ಮೆಷಿನ್‌ಗನ್ ಇಟ್ಕೊಂಡು ಕೂರೋ ಕಾಂಕ್ರೀಟ್ ಗೂಡು. ಮೊದಲನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನಿಕರು ಇಟ್ಟ ಹೆಸರು, ಆಗಿನ ಮಾತ್ರೆ ಡಬ್ಬಿ ಥರ ಕಾಣುತ್ತೆ ಅಂತ. ದಪ್ಪ ಗೋಡೆ, ದಪ್ಪ ಸೂರು, ಗೋಡೆಯಲ್ಲಿ ಅಡ್ಡಡ್ಡ ಸೀಳಿದ ಹಾಗೆ ಕಿಂಡಿ. ಆ ಕಿಂಡಿಯಿಂದ ಬಂದೂಕಿನ ಮೂತಿ ಮಾತ್ರ ಹೊರಗೆ. ನಮ್ಮ ಚಿತ್ರದುರ್ಗದ ಕೋಟೆಯ ತೆನೆಗಳಲ್ಲಿ ಬಂದೂಕಿಗೆ ಅಂತ ಬಿಟ್ಟಿರೋ ಕಂಡಿ ನೋಡಿದ್ದೀರಲ್ಲ, ಐಡಿಯಾ ಅದೇ.

ನನಗೆ ವಿಚಿತ್ರ ಅನ್ನಿಸಿದ್ದು ಅದು ಕೂತಿರೋ ಜಾಗ. ಮುಂದೆ ರಸ್ತೆ, ಅದರಾಚೆ ಬಂದರಿನ ಕಂಟೇನರ್‌ಗಳು, ಕ್ರೇನುಗಳು. ಲಾರಿಗಳನ್ನ ಯಾಕಪ್ಪಾ ಕಾಯ್ತಾ ಇದೆ ಇದು? ಬಸ್‌ಸ್ಟಾಪಿನಲ್ಲಿದ್ದ ಒಬ್ಬ ವಯಸ್ಸಾದ ಚೀನೀ ಅಂಕಲ್ (ಇಲ್ಲಿ ಹಿರಿಯರೆಲ್ಲ ಅಂಕಲ್ಲೇ, ನಮ್ಮಲ್ಲಿ ಅಜ್ಜಾ ಅಂದ ಹಾಗೆ) ನಾನು ಫಲಕ ಓದೋದನ್ನ ನೋಡಿ ನಕ್ಕು, "ನಾನು ಹುಡುಗ ಆಗಿದ್ದಾಗ ಸಮುದ್ರ ಇಲ್ಲೇ ಇತ್ತು" ಅಂತ ರಸ್ತೆ ಕಡೆ ಕೈ ತೋರಿಸಿದರು. ಮಲಯ ಭಾಷೆಯಲ್ಲಿ ಪಾಸಿರ್ ಪಂಜಾಂಗ್ ಅಂದ್ರೆ ಉದ್ದನೆಯ ಮರಳು ದಂಡೆ. ಆಮೇಲೆ ಸಮುದ್ರಕ್ಕೆ ಮಣ್ಣು ತುಂಬಿಸಿ ಬಂದರು ಮಾಡಿದರು. ದಂಡೆ ಹೋಯ್ತು, ಹೆಸರು ಉಳೀತು, ಡಬ್ಬಿ ಉಳೀತು. ನಮ್ಮ ಬೆಂಗಳೂರಲ್ಲಿ ಕೆರೆ ಹೋಗಿ ಕೆರೆ ಹೆಸರಿನ ಬಸ್‌ಸ್ಟಾಪ್ ಉಳಿದ ಹಾಗೆ.

ಅಲ್ಲಿಂದ ಶುರುವಾಯ್ತು ನನ್ನ ಹುಚ್ಚು. ಮುಂದಿನ ಶನಿವಾರ ಹಾಸನದ ನನ್ನ ರೂಮ್‌ಮೇಟನ್ನ ಎಳ್ಕೊಂಡು ಲ್ಯಾಬ್ರಡಾರ್ ಪಾರ್ಕಿಗೆ ಹೋದೆ. ಅಲ್ಲಿ ಸಮುದ್ರದ ಪಕ್ಕ ಇನ್ನೊಂದು ಪಿಲ್‌ಬಾಕ್ಸ್ ಇದೆ. ಅರ್ಧ ದಾರಿಯಲ್ಲಿ ಮಳೆ, ಛತ್ರಿ ಒಂದೇ. "ಏನ್ ಗುರೂ, ವೀಕೆಂಡಲ್ಲಿ ಕಾಂಕ್ರೀಟ್ ನೋಡಕ್ಕೆ ಕರ್ಕೊಂಡ್ ಬಂದ್ಯಲ್ಲಾ, ನಮ್ಮೂರಲ್ಲಿ ಇದಕ್ಕಿಂತ ಚೆನ್ನಾಗಿರೋ ಮೋರಿ ಇದೆ" ಅಂದ ಅವನು :-) ಆದ್ರೆ ಆ ಕಿಂಡಿಯ ನೇರಕ್ಕೆ ನಿಂತು ನೀರು ನೋಡಿದಾಗ ಅವನೂ ಸುಮ್ಮನಾದ. ಅಲ್ಲಿ ಸಮುದ್ರ ಇನ್ನೂ ಸಮುದ್ರವಾಗೇ ಇದೆ. ಯಾಕೆ ಅಲ್ಲಿ ಕಟ್ಟಿದರು ಅಂತ ಯಾರೂ ಹೇಳಬೇಕಾಗಿಲ್ಲ.

ಸರಿ, ಎಲ್ಲಾ ದಕ್ಷಿಣದಲ್ಲೇ ಯಾಕೆ? ಬ್ರಿಟಿಷರ ಲೆಕ್ಕ ಹೀಗಿತ್ತು: ಶತ್ರು ಬಂದರೆ ಹಡಗಿನಲ್ಲಿ ಬರ್ತಾನೆ, ಬಂದರು ಇರೋದು ದಕ್ಷಿಣದಲ್ಲಿ, ಊರು ಇರೋದೂ ದಕ್ಷಿಣದಲ್ಲಿ. ಹಾಗಾಗಿ ದಕ್ಷಿಣ ಕರಾವಳಿಯ ಸುಮಾರು 20 ಮೈಲಿ ಉದ್ದಕ್ಕೆ, ಸುಮಾರು 600 ಗಜಕ್ಕೊಂದರಂತೆ ಪಿಲ್‌ಬಾಕ್ಸ್‌ಗಳು. ಜೊತೆಗೆ ಸರ್ಚ್‌ಲೈಟು, ಮುಳ್ಳುತಂತಿ, ಮೈನುಗಳು. ದ್ವೀಪದ ಉತ್ತರಕ್ಕೆ ಜೊಹೋರ್ ಜಲಸಂಧಿ, ಕೆಲವು ಕಡೆ ಒಂದು ಕಿಲೋಮೀಟರೂ ಅಗಲ ಇಲ್ಲ. ಅದರಾಚೆ ಮಲಯ ಪರ್ಯಾಯ ದ್ವೀಪದ ದಟ್ಟ ಕಾಡು. ಕಾಡು ದಾಟ್ಕೊಂಡು ಯಾರು ಬರ್ತಾರೆ ಅನ್ನೋ ಧೈರ್ಯ. ನಮ್ಮ ಭಾಷೇಲಿ ಹೇಳೋದಾದ್ರೆ ಒಂದು ಪೋರ್ಟಿಗೆ ಭದ್ರವಾದ ಫೈರ್‌ವಾಲ್ ಹಾಕಿ ಇನ್ನೊಂದನ್ನ ಓಪನ್ ಬಿಟ್ಟ ಹಾಗೆ.

ಯಾರಿಗೂ ಹೊಳೆದಿರಲಿಲ್ಲ ಅಂತಲ್ಲ. ನನಗೆ ಹೊಟ್ಟೆ ಉರಿಸಿದ ಭಾಗ ಇದೇ. 1930ರ ದಶಕದ ಕೊನೆಯಲ್ಲಿ ಇಲ್ಲಿ ಸೇನೆಯ ಮುಖ್ಯಸ್ಥರಾಗಿದ್ದವರು ಜನರಲ್ ಡಾಬಿ. ಜಪಾನಿಯರು ಉತ್ತರದಲ್ಲಿ, ಸಯಾಮ್ ಮತ್ತು ಮಲಯಾದಲ್ಲಿ ಇಳಿದು ಭೂಮಾರ್ಗವಾಗಿ ಸಿಂಗಾಪುರದ ಬೆನ್ನಿಗೆ ಬರಬಹುದು ಅಂತ ಅವರ ಕಚೇರಿಯಿಂದ 1937ರಲ್ಲೇ ಒಂದು ವರದಿ ತಯಾರಾಯ್ತು. ಬರೆದ ಅಧಿಕಾರಿ ಯಾರು ಗೊತ್ತಾ? ಆರ್ಥರ್ ಪರ್ಸಿವಲ್. ಜೊಹೋರಿನಲ್ಲಿ ರಕ್ಷಣಾ ಸಾಲು ಕಟ್ಟೋಕೆ 1939ರಲ್ಲಿ 60,000 ಪೌಂಡ್ ಮಂಜೂರಾಯ್ತು. ಅದರಲ್ಲಿ ಖರ್ಚಾಗಿದ್ದು 23,000. ಡಾಬಿ ಹೋದರು, ಕೆಲಸ ನಿಂತಿತು. ಅರ್ಧಕ್ಕೆ ಬಿಟ್ಟ ಆ ಪಿಲ್‌ಬಾಕ್ಸ್‌ಗಳು ಕೋಟಾ ತಿಂಗ್ಗಿ ಕಡೆ ಇವೆ.

1941ರಲ್ಲಿ ಅದೇ ಪರ್ಸಿವಲ್ ಮಲಯಾ ಕಮಾಂಡಿನ ಮುಖ್ಯಸ್ಥರಾಗಿ ವಾಪಸ್ ಬಂದರು. ಡಿಸೆಂಬರ್ 8ರ ನಸುಕಿನಲ್ಲಿ ಜಪಾನಿಯರು ಉತ್ತರದ ಕೋಟಾ ಬಾರುವಿನಲ್ಲಿ ಇಳಿದರು. ಅಂದ್ರೆ 1937ರ ವರದಿ ಹೇಳಿದ ಹಾಗೇ. ಅಲ್ಲಿನ ಕಡಲ ದಂಡೆಯ ಪಿಲ್‌ಬಾಕ್ಸ್‌ಗಳಲ್ಲಿ ಕೂತು ಹೊಡೆದಾಡಿದವರು ನಮ್ಮ ಡೋಗ್ರಾ ರೆಜಿಮೆಂಟಿನವರು. ಡಿಸೆಂಬರ್ 26ರ ರಾತ್ರಿ ಮುಖ್ಯ ಎಂಜಿನಿಯರ್ ಬ್ರಿಗೇಡಿಯರ್ ಸಿಮ್ಸನ್, ಪರ್ಸಿವಲ್ ಮನೆಗೆ ಹೋಗಿ, ಸಾಮಾನು ಇದೆ, ಜನ ಇದ್ದಾರೆ, ಉತ್ತರ ದಂಡೆಯಲ್ಲಿ ಈಗಲಾದ್ರೂ ಕಟ್ಟೋಣ ಅಂತ ಬಹಳ ಹೊತ್ತು ವಾದ ಮಾಡಿದರಂತೆ. ಹಾಗೆ ಕಟ್ಟಿದರೆ ಸೈನಿಕರ, ಜನರ ಮನೋಬಲ ಕುಗ್ಗುತ್ತೆ ಅನ್ನೋದು ಪರ್ಸಿವಲ್ ಕೊಟ್ಟ ಉತ್ತರ. ಇದನ್ನ ಸಿಮ್ಸನ್ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಸ್ವಲ್ಪ ಸಿಮ್ಸನ್ ಕಡೆಗೆ ವಾಲಿದ ಕಥೆ ಇರಬಹುದು, ಸೋತ ಮೇಲೆ ಎಲ್ಲರೂ ತಮ್ಮ ಈಮೇಲ್ ಹುಡುಕಿ ತೋರಿಸ್ತಾರಲ್ಲ! ಆದರೂ, ತಾನೇ ಬರೆದ ಡಾಕ್ಯುಮೆಂಟನ್ನ ತಾನೇ ನಂಬದ ಮ್ಯಾನೇಜರ್... ಬೇಡ, ಇಲ್ಲಿಗೇ ನಿಲ್ಲಿಸ್ತೀನಿ.

1942ರ ಫೆಬ್ರವರಿ 8ರ ರಾತ್ರಿ ಜಪಾನಿಯರು ಜಲಸಂಧಿ ದಾಟಿ ವಾಯವ್ಯ ದಂಡೆಗೆ ಬಂದರು. 11ಕ್ಕೆ ಬುಕಿತ್ ತಿಮಾ ಬಿತ್ತು. 13 ಮತ್ತು 14ರಂದು ಪಾಸಿರ್ ಪಂಜಾಂಗ್ ಗುಡ್ಡಸಾಲಿನಲ್ಲಿ, ಅಂದ್ರೆ ಈಗ ಕೆಂಟ್ ರಿಡ್ಜ್ ಅನ್ನೋ, ನನ್ನ ಆಫೀಸಿನ ಬೆನ್ನಿಗಿರೋ ಗುಡ್ಡದಲ್ಲಿ, ಮಲಯ ರೆಜಿಮೆಂಟಿನವರು ಕೊನೆ ತನಕ ಕಾದಾಡಿದರು. ಪಕ್ಕದಲ್ಲಿ 44ನೇ ಭಾರತೀಯ ಬ್ರಿಗೇಡ್ ಇತ್ತು. ಬುಕಿತ್ ಚಂದು ಅನ್ನೋ ಗುಡ್ಡದ ಮೇಲೆ ಲೆಫ್ಟಿನೆಂಟ್ ಅದ್ನಾನ್ ಸಾಯಿದಿ ಸತ್ತರು. 1915ರಲ್ಲಿ ಹುಟ್ಟಿದವರು, ಅಂದ್ರೆ ಆಗ ಹೆಚ್ಚುಕಮ್ಮಿ ನನ್ನ ವಯಸ್ಸು. ಅಲ್ಲಿ ಒಂದು ಹಳೇ ಬಂಗಲೆಯಲ್ಲಿ ಚಿಕ್ಕ ಮ್ಯೂಸಿಯಂ ಇದೆ, ಬಂದವರು ತಪ್ಪದೇ ನೋಡಿ. ಅಲ್ಲಿ ಪ್ರಸಿದ್ಧವಾದ ಒಂದು ಕಥೆ: ಜಪಾನಿಯರು ಪಂಜಾಬಿ ಸೈನಿಕರ ವೇಷ ಹಾಕ್ಕೊಂಡು ಬಂದರಂತೆ. ಬ್ರಿಟಿಷ್ ಸೇನೆ ಮೂರು ಸಾಲಿನಲ್ಲಿ ನಡೆಯುತ್ತೆ, ಇವರು ನಾಲ್ಕು ಸಾಲಿನಲ್ಲಿ ಬಂದರು, ಸಿಕ್ಕಿಬಿದ್ದರು.

ಇದರಲ್ಲಿ ಗಮನಿಸಬೇಕಾದ್ದು ಒಂದೇ. ಶತ್ರು ಪಿಲ್‌ಬಾಕ್ಸ್‌ಗಳ ಹಿಂದಿನಿಂದ ಬಂದ. ಸಮುದ್ರ ಕಾಯ್ತಾ ಕೂತಿದ್ದ ಕಿಂಡಿಗಳ ಬೆನ್ನಿಗೆ ಯುದ್ಧ ನಡೀತು. ಫೆಬ್ರವರಿ 15ಕ್ಕೆ, ಚೀನೀ ಹೊಸವರ್ಷದ ದಿನ, ಪರ್ಸಿವಲ್ ಫೋರ್ಡ್ ಕಾರ್ಖಾನೆಯಲ್ಲಿ ಶರಣಾಗತಿಗೆ ಸಹಿ ಹಾಕಿದರು.

ಇಷ್ಟು ಓದಿದ ಮೇಲೆ ಸೆರೆ ಸಿಕ್ಕ ತುಕಡಿಗಳ ಪಟ್ಟಿ ನೋಡ್ತಾ ಇದ್ದೆ, ರಾತ್ರಿ ಒಂದು ಗಂಟೆ ಇರಬೇಕು. ದೇಶೀ ಸಂಸ್ಥಾನಗಳ ಪಡೆಗಳ ಸಾಲಲ್ಲಿ ಬಹಾವಲ್ಪುರ, ಹೈದರಾಬಾದ್, ಜೀಂದ್, ಕಪುರ್ತಲಾ... ಮತ್ತೆ ಒಂದನೇ ಮೈಸೂರು ಇನ್‌ಫೆಂಟ್ರಿ.

ನಿದ್ದೆ ಹಾರಿಹೋಯ್ತು. ನಮ್ಮ ಮೈಸೂರಿನವರು ಇಲ್ಲಿದ್ದರಾ? ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದು ಎರಡು ವರ್ಷ ಆಗಿರಲಿಲ್ಲ. ಅವರ ಪಡೆಯ ಒಂದು ಇಡೀ ಬೆಟಾಲಿಯನ್ನು ಸಮುದ್ರ ದಾಟಿ ಬಂದು ಈ ದ್ವೀಪದಲ್ಲಿ ಸೆರೆಯಾಗಿತ್ತು. ಹೈಫಾ ಕಥೆ ನಮಗೆಲ್ಲ ಗೊತ್ತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ಊರು ಗೆದ್ದಿದ್ದು, ಬೆಂಗಳೂರಲ್ಲಿ ಅವರ ಸ್ಮಾರಕ ಇರೋದು, ವರ್ಷಾ ವರ್ಷಾ ಪೇಪರಿನಲ್ಲಿ ಬರೋದು. ಸಿಂಗಾಪುರದ ಬಗ್ಗೆ ನಾನು ಸ್ಕೂಲಲ್ಲಿ, ಮನೇಲಿ, ಎಲ್ಲೂ ಒಂದು ಮಾತು ಕೇಳಿರಲಿಲ್ಲ. ಗೆದ್ದವರಿಗೆ ಸರ್ಕಲ್ಲು, ಸೋತವರಿಗೆ ಏನೂ ಇಲ್ಲ ಅನ್ನೋದು ನನಗೆ ಸರಿ ಕಾಣಲ್ಲ. ಸೋಲು ಅವರದ್ದಾಗಿರಲಿಲ್ಲ. ಡಬ್ಬಿ ಎಲ್ಲಿ ಕಟ್ಟಬೇಕು ಅಂತ ಅವರನ್ನ ಯಾರೂ ಕೇಳಿರಲಿಲ್ಲ.

ಮುಂದಿನದು ಇನ್ನೂ ಕಷ್ಟ. ನಾನು ಭಾನುವಾರ ಭಾನುವಾರ ಮುಸ್ತಫಾ ಅಂಗಡಿಗೆ ಹೋಗಿ ಸೋನಾಮಸೂರಿ, ಹುರಿಗಡಲೆ ತರ್ತೀನಿ. ಅದರ ಪಕ್ಕದ ಫ್ಯಾರರ್ ಪಾರ್ಕಿನಲ್ಲೇ 1942ರ ಫೆಬ್ರವರಿ 17ರಂದು 40,000ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನ ನಿಲ್ಲಿಸಿ, ಬ್ರಿಟಿಷ್ ಅಧಿಕಾರಿ ಒಬ್ಬ ಜಪಾನಿಯರಿಗೆ ಒಪ್ಪಿಸಿ ಹೊರಟುಹೋದ. ಅಲ್ಲೇ ಕ್ಯಾಪ್ಟನ್ ಮೋಹನ್ ಸಿಂಗ್ ಆಜಾದ್ ಹಿಂದ್ ಫೌಜಿಗೆ ಕರೆ ಕೊಟ್ಟಿದ್ದು. ಸಾವಿರಾರು ಜನ ಸೇರಿದರು, ಸಾವಿರಾರು ಜನ ಒಲ್ಲೆ ಅಂದರು. ಒಲ್ಲೆ ಅಂದವರಲ್ಲಿ ಬಹಳಷ್ಟು ಮಂದಿಯನ್ನ ಹಡಗಿನ ಹೊಟ್ಟೆಗೆ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ ಕಡೆ ಕೂಲಿಗೆ ಸಾಗಿಸಿದರು. ಎಷ್ಟೋ ಜನ ಹಸಿವು, ಕಾಯಿಲೆಯಿಂದ ಅಲ್ಲೇ ಸತ್ತರು. ಯಾವ ಕಡೆ ಹೋದವರನ್ನೂ ಎಸಿ ರೂಮಲ್ಲಿ ಕೂತು ಸರಿ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಕಳೆದ ಭಾನುವಾರ ಕ್ರಾಂಜಿ ಯುದ್ಧ ಸ್ಮಾರಕಕ್ಕೆ ಹೋಗಿದ್ದೆ, ಈ ಸಲ ಒಬ್ಬನೇ. ಉತ್ತರ ತುದಿಯಲ್ಲಿದೆ, ಅಂದ್ರೆ ಪಿಲ್‌ಬಾಕ್ಸ್ ಕಟ್ಟದೇ ಬಿಟ್ಟ ಕಡೆ! ಗುಡ್ಡದ ಮೇಲೆ ಬಿಳೀ ಗೋಡೆಗಳು, ಅದರ ಮೇಲೆ ಗೋರಿ ಇಲ್ಲದವರ 24,000ಕ್ಕೂ ಹೆಚ್ಚು ಹೆಸರುಗಳು, ರೆಜಿಮೆಂಟಿನ ಪ್ರಕಾರ. ಭಾರತದ ಸಂಸ್ಥಾನಗಳ ಪಡೆಗಳನ್ನ ಹುಡುಕೋಕೆ ಮುಕ್ಕಾಲು ಗಂಟೆ ಹಿಡೀತು. ಮೈಸೂರು ಅನ್ನೋ ಪದ ಕಂಡಾಗ ಬೆರಳಿಟ್ಟು ಒಂದೊಂದೇ ಓದಿದೆ. ನಮ್ಮ ಬೀದಿಯಲ್ಲಿ ಕೂಗಿದರೆ ಯಾರಾದರೂ ತಿರುಗಿ ನೋಡೋ ಥರದ ಹೆಸರುಗಳು. ಬಿಸಿಲಿತ್ತು, ಹುಲ್ಲು ಕತ್ತರಿಸೋ ಮಷೀನಿನ ಶಬ್ದ ಬಿಟ್ಟರೆ ಏನೂ ಇಲ್ಲ.

ರಾತ್ರಿ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜಿ ಊರಲ್ಲಿ ಒಬ್ಬರನ್ನ ಸಿಂಗಪೂರದ ತಾತ ಅಂತಿದ್ರು ಕಣೋ. ಹಡಗಲ್ಲಿ ಕೆಲಸ ಮಾಡ್ತಿದ್ರೇನೋ ಅಂದ್ಕೊಂಡಿದ್ವಿ" ಅಂದರು. ಆ ತಾತ ಹೋಗಿ ನಲವತ್ತು ವರ್ಷ ಆಗಿದೆ. ಅವರು ಏನಾಗಿದ್ದರು ಅಂತ ಯಾರೂ ಕೇಳಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನದ ಪಡೆಗಳು ಭಾರತೀಯ ಸೇನೆಗೆ ಸೇರಿದವು. ಒಂದನೇ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯ್ತು. ಆದ್ರೆ 1942ರಲ್ಲಿ ಇಲ್ಲಿದ್ದವರ ಕಥೆ ಮನೆಮನೆಗಳ ಟ್ರಂಕುಗಳಲ್ಲಿ, ಪಿಂಚಣಿ ಕಾಗದಗಳಲ್ಲಿ ಇರಬೇಕು. ಮೈಸೂರು, ಮಂಡ್ಯ, ಬೆಂಗಳೂರು, ಕೋಲಾರ ಕಡೆಯವರು ಯಾರಾದರೂ ಓದ್ತಾ ಇದ್ದರೆ ನಿಮ್ಮ ಮನೆಯ ಹಿರಿಯರನ್ನ ಒಂದು ಸಲ ಕೇಳ್ತೀರಾ? ಒಂದು ಪದಕ, ಒಂದು ಕಾರ್ಡು, "ತಾತ ಸಿಂಗಪೂರಿಗೆ ಹೋಗಿದ್ರು" ಅನ್ನೋ ಒಂದು ಮಾತು ಸಿಕ್ಕರೂ ಸಾಕು, ಇಲ್ಲಿ ಕೆಳಗೆ ಬರೀರಿ. ಗೋಡೆಯ ಮೇಲಿನ ಹೆಸರುಗಳನ್ನ ನೋಟ್‌ಬುಕ್ಕಿಗೆ ಬರ್ಕೊಂಡು ಬಂದಿದ್ದೀನಿ, ಹೋಲಿಸಿ ನೋಡೋಣ.